ಉಡಿಯಕ್ಕಿಯಲ್ಲಿ ಬಂದ ಬಳ್ಳಿ

ನನ್ನ ಮದುವೆಯಾದದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ. ತವರು ಚೊಳಚಗುಡ್ಡ, ಬದಾಮಿಯ ಮಗ್ಗುಲಿನ ಊರು. ಗಂಡನ ಮನೆ ಇಳಕಲ್ಲು. ಬಸ್ಸು ಬದಾಮಿಯಿಂದ ಹೊರಟು, ಕೈ ಮಾಡಿದಲ್ಲೆಲ್ಲ ನಿಂತು, ಹುನಗುಂದದಲ್ಲಿ ಚಹಾ ಕುಡಿದು ಇಳಕಲ್ಲು ಮುಟ್ಟುವಷ್ಟರಲ್ಲಿ ಹೊಸ ಸೀರೆಯ ನೆರಿಗೆಗಳೆಲ್ಲ ಕೂತು ಕೂತು ಹಪ್ಪಳವಾಗಿದ್ದವು.

ತವರಿನಿಂದ ಹೊರಡುವ ಮುಂಚೆ ಉಡಿ ತುಂಬಿದರು. ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಉತ್ತತ್ತಿ, ಅಡಿಕೆ ಎಲ್ಲ ಬಿದ್ದವು. ಅವ್ವ ಹಾಕಿದಳು, ಚಿಕ್ಕವ್ವ ಹಾಕಿದಳು. ಕಡೆಗೆ ಅಪ್ಪನ ತಾಯಿ, ನನ್ನ ಆಯಿ, ತನ್ನ ಸರದಿ ಬಂದಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಚೀಲದಿಂದ ಏನನ್ನೋ ತೆಗೆದು ಅಕ್ಕಿಯ ಜೊತೆ ಸೇರಿಸಿ ಹಾಕಿದಳು. ನನ್ನ ಕಣ್ಣಿಗೆ ಅದು ಬಿದ್ದರೂ ತಲೆಗೆ ಹೋಗಲಿಲ್ಲ. ಆ ಹೊತ್ತಿನಲ್ಲಿ ಅಳುವುದು ಮದುಮಗಳ ಕೆಲಸ. ನಾನು ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ.

ಇಳಕಲ್ಲಿನ ಮನೆ ಉದ್ದಕ್ಕೆ ಇತ್ತು. ಮುಂದಿನ ಪಡಸಾಲೆಯಲ್ಲಿ ಮಾವನವರ ಕುಣಿ ಮಗ್ಗ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಅವರು ಸೀರೆ ನೇಯುತ್ತಿದ್ದರು. ನಡುವೆ ಅಡಿಗೆಮನೆ. ಹಿಂದೆ ಹಿತ್ತಲು, ಅದಕ್ಕೆ ಕೆಂಪು ಕಲ್ಲಿನ ಗೋಡೆ. ಹಿತ್ತಲ ಬಾಗಿಲಿನ ಕಟ್ಟೆಯ ಮೇಲೆ ಅತ್ತೆಯವರ ರಾಟಿ. ಅವರು ಅಲ್ಲಿ ಕೂತು ನೂಲಿನ ಕಂಡಿಕೆ ಸುತ್ತಿ ಕೊಡಬೇಕು, ಮಾವ ಅದನ್ನು ಲಾಳಿಯೊಳಗಿಟ್ಟು ನೇಯಬೇಕು. ಕಂಡಿಕೆ ತಡವಾದರೆ ಮಗ್ಗದ ಸಪ್ಪಳ ನಿಲ್ಲುತ್ತಿತ್ತು, ಮಾವನವರ ಸಪ್ಪಳ ಶುರುವಾಗುತ್ತಿತ್ತು.

ಹಿತ್ತಲು ಅತ್ತೆಯವರ ರಾಜ್ಯ. ಕರಿಬೇವು, ಲಿಂಬಿಗಿಡ, ದಾಸವಾಳ, ಅಬ್ಬಲಿಗೆ, ಒಂದು ಸಾಲು ಮೆಣಸಿನ ಗಿಡ. ಬೀಜಗಳನ್ನೆಲ್ಲ ಹಳೆಯ ಸೀರೆಯ ಚೂರುಗಳಲ್ಲಿ ಗಂಟು ಕಟ್ಟಿ ಅಡಿಗೆಮನೆಯ ಗೂಟಕ್ಕೆ ತೂಗುಹಾಕಿದ್ದರು. ಯಾವ ಗಂಟಿನಲ್ಲಿ ಯಾವುದಿದೆ ಎಂದು ತಿಳಿಯಲು ಅವರಿಗೆ ಬಿಚ್ಚಬೇಕಾಗಿರಲಿಲ್ಲ. ಬೆರಳಿನಲ್ಲಿ ಹಿಚುಕಿ, ಕಣ್ಣು ಅರ್ಧ ಮುಚ್ಚಿ, "ಇದು ಹೀರಿ. ಇದು ಹಾಗಲ. ಇದು ಚವಳಿ" ಎಂದು ಹೇಳುತ್ತಿದ್ದರು. ಹೀರಿ ಎಂದು ಹಾಕಿದಲ್ಲಿ ಹಾಗಲ ಬಂದರೆ, "ಈ ಸಲ ಮಳಿ ಹದ ತಪ್ಪಿತು" ಎನ್ನುತ್ತಿದ್ದರು.

ನಾನು ಬಂದ ಎರಡನೆಯ ದಿನ ಅತ್ತೆ ನನ್ನ ಉಡಿಯಕ್ಕಿಯನ್ನು ಮೊರಕ್ಕೆ ಹಾಕಿ ಹಸನು ಮಾಡುತ್ತ ಕೂತಿದ್ದರು. ಒಮ್ಮೆಲೇ ಅವರ ಕೈ ನಿಂತಿತು.

"ಯವ್ವಾ, ಇಲ್ಲಿ ಬಾ. ನಿಮ್ಮೂರ ಅಕ್ಕ್ಯಾಗ ಏನ ಐತಿ ಇದು?"

ಹೋಗಿ ನೋಡಿದೆ. ಚಪ್ಪಟೆಯಾದ, ಮೂರು ಮೂಲೆಯ, ಕಂದು ಬಣ್ಣದ ಬೀಜಗಳು. ಅಂಚಿನಲ್ಲಿ ಕಾಗದದಂತಹ ತೆಳು ರೆಕ್ಕೆ. ಊದಿದರೆ ಹಾರಿ ಹೋಗುವಷ್ಟು ಹಗುರ. ಆಯಿಯ ಚೀಲ ಆಗ ನೆನಪಾಯಿತು. ಆದರೆ ಇವು ಯಾವ ಬೀಜ ಎಂಬುದು ನನಗೆ ಗೊತ್ತಿರಲಿಲ್ಲ.

ಗೊತ್ತಿಲ್ಲ ಎಂದು ಅಲ್ಲಿಗೇ ಮುಗಿಸಬಹುದಿತ್ತು. ಮುಗಿಸಲು ನನ್ನ ಪಿಯುಸಿ ಬಿಡಲಿಲ್ಲ. ಬಾಗಲಕೋಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ನಾನು ವಿಜ್ಞಾನ ಓದಿದ್ದೆ. ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಅದನ್ನು ಮೂರು ನಾಲ್ಕು ಸಲ ಹೇಳಿದ್ದರು. ಬಾಟನಿ ಎಂಬ ಮಾತು ಅತ್ತೆಯವರ ಬಾಯಲ್ಲಿ ಬಾಟ್ಲಿ ಆಗಿ, ಓಣಿಯ ತುಂಬ 'ಸೊಸಿ ಬಾಟ್ಲಿ ಸಾಲಿ ಕಲ್ತಾಳಂತ' ಎಂದು ಸುದ್ದಿಯಾಗಿತ್ತು. ಹೀಗಾಗಿ ನಾನು ಒಂದು ಬೀಜವನ್ನು ಬೆಳಕಿಗೆ ಹಿಡಿದು, ಗಂಭೀರವಾಗಿ, "ಇದು ಗಾಳಿಯಿಂದ ಪಸರಸೂ ಬೀಜ ಅತ್ತಿ. ರೆಕ್ಕಿ ಅದಾವು ನೋಡ್ರಿ" ಅಂದೆ.

"ನಾ ಹೆಸರ ಕೇಳೀನಿ. ನೀ ಅದು ಹೆಂಗ ಹಾರತೈತಿ ಅಂತ ಹೇಳಾಕತ್ತೀದಿ."

ಮಗ್ಗದ ಕುಣಿಯಿಂದ ಮಾವ ಕೂಗಿದರು: "ಇಲ್ಲಿ ತರ್ರಿ, ನಾ ನೋಡ್ತೇನಿ." ನೋಡಿದವರೇ, "ಉಳ್ಳಾಗಡ್ಡಿ ಸಿಪ್ಪಿ ಒಣಗಿದ್ದು. ಬೀಜ ಅಲ್ಲ, ಏನಲ್ಲ" ಎಂದು ತೀರ್ಪು ಕೊಟ್ಟರು.

"ನೀವು ಸೀರಿ ನೇಯ್ರಿ" ಅಂದರು ಅತ್ತೆ. "ಇದು ನುಗ್ಗಿ. ನುಗ್ಗಿ ಬೀಜಕ್ಕೂ ಹಿಂಗ ರೆಕ್ಕಿ ಇರ್ತಾವು. ಬದಾಮಿ ಕಡೆ ನೆಲ ಗಟ್ಟಿ, ಅದಕ್ಕ ಚಪ್ಪಟ ಆಗ್ಯಾವು."

ಸಂಜೆ ಹುನಗುಂದದ ಬಸ್ಸಿಗೆ ನನ್ನ ಯಜಮಾನರು ಬಂದರು. ಅಲ್ಲಿನ ಹೈಸ್ಕೂಲಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು. ಬೀಜವನ್ನು ಅಂಗೈಮೇಲೆ ಇಟ್ಟುಕೊಂಡು ಹಿಂದೆ ಮುಂದೆ ಹೊರಳಿಸಿ, "ಕಸ" ಎಂದು ಒಂದೇ ಮಾತಿನಲ್ಲಿ ಹೇಳಿ ಕೈ ತೊಳೆಯಲು ಹೋದರು. ಲೆಕ್ಕದ ಮಾಸ್ತರರಿಗೆ ಗೊತ್ತಿಲ್ಲದ್ದೆಲ್ಲ ಶೂನ್ಯ.

ಮೊದಲ ಮಳೆ ಬಿದ್ದ ಮರುದಿನ ಅತ್ತೆ ಆ ಬೀಜಗಳನ್ನು ಬಚ್ಚಲ ನೀರು ಹರಿಯುವ ಕಡೆ, ಗೋಡೆಯ ಬುಡದಲ್ಲಿ ಹಾಕಿದರು. ನುಗ್ಗಿ ದೊಡ್ಡ ಮರವಾಗುತ್ತದೆ ಎಂದು ಸುತ್ತ ಸಾಕಷ್ಟು ಜಾಗವನ್ನೂ ಬಿಟ್ಟರು. ಮಾವ ದಿನಾ ಮಗ್ಗದಿಂದ ಎದ್ದಾಗೊಮ್ಮೆ ಹೋಗಿ, "ಸಿಪ್ಪಿ ಮೊಳಿತೇನ?" ಎಂದು ಕೇಳಿ ಬರುತ್ತಿದ್ದರು. ಬಹಳ ದಿನ ಏನೂ ಆಗಲಿಲ್ಲ. ಮಾವನವರ ಮುಖ ದಿನದಿಂದ ದಿನಕ್ಕೆ ಕಳೆಗಟ್ಟುತ್ತ ಹೋಯಿತು. ಕಡೆಗೆ ಒಂದು ಮುಂಜಾನೆ ಎರಡು ಮೂರು ಎಳೆ ಮೊಳಕೆ ತಲೆ ಎತ್ತಿದವು. ಅತ್ತೆ ಪಡಸಾಲೆಯತನಕ ಕೇಳುವ ಹಾಗೆ, "ಬರ್ರಿ, ನಿಮ್ಮ ಉಳ್ಳಾಗಡ್ಡಿ ಸಿಪ್ಪಿಗೆ ಎಲಿ ಬಂದಾವು" ಎಂದು ಕೂಗಿದರು.

ಆದರೆ ಅವರ ಸಂತೋಷವೂ ಹೆಚ್ಚು ದಿನ ಉಳಿಯಲಿಲ್ಲ. ಎಲೆಗಳು ನುಗ್ಗಿಯಂತಿರಲಿಲ್ಲ. ಉದ್ದಕ್ಕಿದ್ದವು, ತುದಿಯ ಕಡೆ ಅಗಲ, ಅಂಚು ಸ್ವಲ್ಪ ಅಲೆ ಅಲೆ. ಹರಿದು ಮೂಸಿದರೆ ಮೂಗಿಗೆ ಕಹಿ ತಾಗಿದ ಹಾಗೆ ಒಂದು ವಾಸನೆ. ದಂಟು ನೆಟ್ಟಗೆ ನಿಲ್ಲದೆ ಗೋಡೆಯ ಕಡೆ ವಾಲಿತು. ಮರವಲ್ಲ, ಬಳ್ಳಿ. ಅತ್ತೆ ಅದನ್ನು ಬಹಳ ಹೊತ್ತು ನೋಡಿ ಮಳೆಯನ್ನು ಬೈದರು.

ಶ್ರಾವಣದಲ್ಲಿ ಪಂಚಮಿಗೆಂದು ಅಣ್ಣ ಬಂದು ನನ್ನನ್ನು ತವರಿಗೆ ಕರೆದೊಯ್ದ. ಹೊರಡುವಾಗ ಅತ್ತೆ ಹೇಳಿದ್ದು ಒಂದೇ ಮಾತು: "ಉಂಡಿ ತಿನ್ನು, ಜೋಕಾಲಿ ಆಡು, ಎಲ್ಲಾ ಮಾಡು. ಖರೆ, ಆ ಬೀಜ ಯಾವುದಂತ ಕೇಳದ ಬರಬ್ಯಾಡ."

ಚೊಳಚಗುಡ್ಡದಲ್ಲಿ ಆಯಿ ಹಿತ್ತಲಿನಲ್ಲಿ ಸಿಕ್ಕಳು. ಅವಳ ಬೆನ್ನ ಹಿಂದಿನ ಬೇಲಿಯ ಮೇಲೆ ಅದೇ ಎಲೆಯ ಬಳ್ಳಿ! ಹುಟ್ಟಿದಾಗಿನಿಂದ ಆ ಬೇಲಿಯ ಮೇಲೆ ನನ್ನ ಲಂಗ ಒಣಗಿತ್ತು, ನನ್ನ ಕಣ್ಣು ಮಾತ್ರ ಬಿದ್ದಿರಲಿಲ್ಲ. ಹಿಂದಿನ ವರ್ಷದ ಒಣಗಿದ ಕಾಯಿಗಳು ಬುಡದ ಕಡೆಯಿಂದ ಬಿರಿದು, ಸಣ್ಣ ದಾರಗಳಿಂದ ತೂಗುಬಿಟ್ಟ ಬುಟ್ಟಿಗಳಂತೆ ಗಾಳಿಗೆ ಅಲ್ಲಾಡುತ್ತಿದ್ದವು.

"ಆಯಿ, ಉಡಿಯೊಳಗ ಹಾಕಿದ್ದು ಇದನ್ನೇನ? ಏನಿದು?"

"ಈಶ್ವರಿ ಬಳ್ಳಿ. ಅದಿದ್ದ ಕಡೆ ಹಾವು ಹಾಯಂಗಿಲ್ಲ."

"ನಮ್ಮನಿ ಓಣಿ ನಡುವ ಐತಿ. ಮುಂಜಾನಿಂದ ಸಂಜೀತನಕ ಮಗ್ಗದ ಸಪ್ಪಳ. ಅಲ್ಲಿಗೆ ಎಲ್ಲಿ ಹಾವು ಬರ್ತಾವಬೇ?"

ಆಯಿ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಹಾವಂದ್ರ ಬರೇ ನೆಲದ ಮ್ಯಾಲ ಹರಿಯೂವಷ್ಟ ಅಲ್ಲ. ನಿಮ್ಮತ್ತಿನ್ನ ನಾ ಮದವ್ಯಾಗ ನೋಡೀನಿ. ಬೀಗರಿಗೆ ನೀರ ಕೊಡಾಕ ತಡ ಆದಾಗ ಹೆಂಗ ಮಾತಾಡಿದ್ಲು! ನಾಲಿಗ್ಯಾಗ ವಿಷ ಇದ್ರ ಇಳೀಲಿ ಅಂತ ಮುಂಚಿತ ಹಾಕಿ ಕಳಿಸೀನಿ" ಅಂದಳು.

ನನಗೆ ನಗು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಇದನ್ನು ಹೋಗಿ ಯಾರಿಗೆ ಹೇಳುವುದು? ಬೀಜದ ಹೆಸರು ತಿಳಿಯುವತನಕ ಇಳಕಲ್ಲಿನಲ್ಲಿ ಅತ್ತೆ ಉಸಿರು ಬಿಗಿಹಿಡಿದು ಕೂತಿದ್ದಾರೆ.

ತಿರುಗಿ ಹೋದಾಗ ಚೀಲ ಕೆಳಗಿಡುವ ಮುಂಚೆಯೇ ಕೇಳಿದರು. ಹೆಸರು ಹೇಳಿದೆ. ಹಾವು ಬರುವುದಿಲ್ಲವಂತೆ ಎಂದೂ ಹೇಳಿದೆ. ಅಲ್ಲಿಗೆ ಬಾಯಿ ಮುಚ್ಚಿದೆ.

"ನಮ್ಮನ್ಯಾಗ ಯಾವ ಹಾವು ಕಂಡಿತ್ತು ನಿಮ್ಮ ಆಯಿಗೆ?"

"ಇರ್ಲಿ ಅಂತ ಕೊಟ್ಟಾಳ್ರಿ ಅತ್ತಿ. ಮುಂಚಿತ."

ಪಕ್ಕದಲ್ಲಿ ನಿಂತಿದ್ದ ಯಜಮಾನರು ನನ್ನ ಮುಖ ನೋಡಿದರು. ಉತ್ತರ ಸರಿ ಇದ್ದು ನಡುವಿನ ಲೆಕ್ಕ ಬರೆಯದೆ ಬಿಟ್ಟ ಹುಡುಗಿಯನ್ನು ನೋಡುವ ನೋಟ ಅದು. ನಾವಿಬ್ಬರೇ ಇದ್ದಾಗ ಬಿಡದೆ ಕೇಳಿ ಬಾಯಿ ಬಿಡಿಸಿದರು. ಕೇಳಿದ ಮೇಲೆ ದಿಂಬಿಗೆ ಮುಖ ಒತ್ತಿಕೊಂಡು ನಕ್ಕರು. ಅವತ್ತಿನಿಂದ ಅವರಿಗೊಂದು ಆಟವಾಯಿತು. ಅತ್ತೆ ಯಾವುದಕ್ಕಾದರೂ ನನ್ನನ್ನು ಗದರಿಸಿದರೆ ಸಾಕು, ಊಟದ ತಾಟಿನಿಂದ ತಲೆ ಎತ್ತದೆ, "ಅಲ್ಲಾ, ಇವತ್ತ ಬಳ್ಳಿಗೆ ನೀರ ಹಾಕೀರೇನ?" ಎನ್ನುವರು. ಅತ್ತೆಗೆ ಮಗನ ಮೇಲೆ ಪ್ರೀತಿ ಉಕ್ಕುತ್ತಿತ್ತು. "ನೋಡು, ಹೊರಗ ದುಡದ ಬಂದ್ರೂ ಹಿತ್ತಲದ ಕಾಳಜಿ ಎಷ್ಟೈತಿ ಅವಂಗ" ಎಂದು ನನಗೇ ಹೇಳುತ್ತಿದ್ದರು. ನಾನು ತಾಟು ಬಳಿಯುವ ನೆವದಲ್ಲಿ ತಲೆ ಬಗ್ಗಿಸುತ್ತಿದ್ದೆ.

ಹೀಗೆ ಎಲ್ಲರ ಆರೈಕೆಯಲ್ಲಿ ಬಳ್ಳಿ ಬೆಳೆಯಿತು. ಮರುವರ್ಷದ ಮಳೆಗೆ ಕೆಂಪು ಗೋಡೆ ಅರ್ಧ ಮುಚ್ಚಿತು. ನಾನು ಆಗ ಬಸುರಿ. ಭಾರ ಎತ್ತಬೇಡ, ಬಾವಿಗೆ ಹೋಗಬೇಡ ಎಂದು ಅತ್ತೆ ಒಂದೊಂದೇ ಕೆಲಸ ಬಿಡಿಸಿ ಕಡೆಗೆ ಹಿತ್ತಲ ಕಟ್ಟೆಯ ಮೇಲೆ ಕೂಡಿಸಿದ್ದರು. ಮಾಡಲು ಕೆಲಸವಿಲ್ಲದವಳಿಗೆ ಹಿತ್ತಲಿನಲ್ಲಿ ಎಷ್ಟೊಂದು ಕಾಣುತ್ತದೆ! ಲಿಂಬಿಗಿಡಕ್ಕೆ ಬರುವ ಹಳದಿ ಕಪ್ಪು ಚುಕ್ಕೆಯ ಪಾತರಗಿತ್ತಿ, ಅಬ್ಬಲಿಗೆಯ ಮೇಲೆ ಒಂದು ಗಳಿಗೆಯೂ ನಿಲ್ಲದ ಸಣ್ಣ ಬಿಳಿಯವು, ಹಸಿ ನೆಲಕ್ಕೆ ಇಳಿದು ನೀರು ಹೀರುವ ತಿಳಿ ಹಸಿರಿನವು. ಅವುಗಳ ಪರಿಚಯ ನನಗಾಗತೊಡಗಿತು.

ಒಂದು ದಿನ ಮುಂಜಾನೆ ಬಿಸಿಲು ಏರುವ ಹೊತ್ತಿಗೆ ಅದುವರೆಗೂ ಕಾಣದ ಒಂದು ಪಾತರಗಿತ್ತಿ ಗೋಡೆ ದಾಟಿ ಬಂತು. ಮಸಿಯಂತಹ ಕರಿ ರೆಕ್ಕೆ, ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿಗೆ ಕೆಂಪು ಚುಕ್ಕೆ, ಮೈ ಕುಂಕುಮದಂತೆ ಕೆಂಪು. ಬೇರೆಯವುಗಳ ಹಾಗೆ ಗಡಿಬಿಡಿಯಿಲ್ಲ. ಬೀಗರ ಮನೆಗೆ ಬಂದ ಹಿರಿಯಳ ಹಾಗೆ ನಿಧಾನವಾಗಿ ಕರಿಬೇವು ನೋಡಿತು, ಬೇಡವೆಂದಿತು. ಲಿಂಬಿ ನೋಡಿತು, ಅದೂ ಬೇಡ. ಕಡೆಗೆ ಬಳ್ಳಿಯ ಒಂದೊಂದೇ ಎಲೆಯನ್ನು ಕಾಲಿನಿಂದ ಮುಟ್ಟಿ ಮುಟ್ಟಿ ನೋಡಿ, ಒಂದು ಚಿಗುರಿನ ಅಡಿಗೆ ಮೈ ಬಾಗಿಸಿ ತತ್ತಿ ಇಟ್ಟಿತು.

ನಾನು ಕೂಗಿದ ದನಿಗೆ ಮಾವ ಗಾಬರಿಯಾಗಿ ಮಗ್ಗ ಬಿಟ್ಟು ಓಡಿ ಬಂದರು. ವಿಷಯ ತಿಳಿದು ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನೋಡಿದರು.

"ಕರಿ ಒಡಲು, ಕೆಂಪು ದಡಿ. ಏನ ಜೋಡಣಿ ಐತಿ ನೋಡವಾ! ಇಂಥಾದ ಒಂದ ಸೀರಿ ನೇಯ್ಬೇಕು."

"ಮೊದ್ಲ ಮಗ್ಗದ ಮ್ಯಾಲಿಂದು ಮುಗಸ್ರಿ" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಆ ತತ್ತಿಗಳಿಂದ ಹುಳುಗಳು ಬಂದವು. ಮೊದಮೊದಲು ಯಾರ ಕಣ್ಣಿಗೂ ಬೀಳಲಿಲ್ಲ. ಬೆಳೆದ ಮೇಲೆ ಬೀಳದೆ ಇರಲು ಸಾಧ್ಯವೇ ಇರಲಿಲ್ಲ. ಕಡುಗೆಂಪು ಕಪ್ಪು ಮೈ, ಮೈ ತುಂಬ ಮೆತ್ತನೆಯ ಮುಳ್ಳುಗಳಂತಹ ಮೊನೆ, ನಡುವಿಗೆ ಬಿಳಿ ಪಟ್ಟಿ. ಅತ್ತೆ ನೋಡಿದವರೇ ಕಸಬರಿಗೆ ತಂದರು. ಒಂದನ್ನು ಕಡ್ಡಿಯಿಂದ ತಿವಿದರು. ಅದು ತಲೆಯಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಚಾಚಿ ಕೆಟ್ಟ ನಾತ ಬಿಟ್ಟಿತು.

"ಅಯ್ಯ! ಕೋಡ ತೋರಸ್ತೈತಿ ನನಗ! ಚಿಮಣಿ ಎಣ್ಣಿ ಡಬ್ಬಿ ತಾ ಯವ್ವಾ, ಎಲ್ಲಾ ಮುಗಸ್ತೇನಿ."

ನಾನು ತರದೆ ನಿಂತೆ. ಅವು ಮುಂದೆ ಅದೇ ಕರಿಕೆಂಪು ಪಾತರಗಿತ್ತಿ ಆಗುತ್ತವೆ ಎಂದು ಹೇಳಿ ನೋಡಿದೆ. ಬಾಟ್ಲಿ ಸಾಲಿಯ ಮಾತಿಗೆ ಅತ್ತೆ ಯಾವತ್ತೂ ಬೆಲೆ ಕೊಟ್ಟವರಲ್ಲ. ತಾವೇ ಡಬ್ಬಿ ತರಲು ಹೊರಟರು. ಆಗ ಮಾವ ಬಾಗಿಲಲ್ಲಿ ಅಡ್ಡ ನಿಂತು, ಬಹಳ ದೊಡ್ಡ ಮಾತು ಆಡುವವರ ಹಾಗೆ ಗಂಟಲು ಸರಿಮಾಡಿಕೊಂಡರು.

"ಬಸರಿ ಇದ್ದ ಮನ್ಯಾಗ ಜೀವ ಕೊಲ್ಲಬಾರ್ದು."

ಅತ್ತೆ ನಿಂತರು. ಈ ಮಾತನ್ನು ಮಾವನವರಿಗೆ ಕಲಿಸಿದವರೇ ಅವರು. ಇಲಿ ಬೋನು ತರುತ್ತೇನೆಂದು ಮಾವ ಹೇಳಿದಾಗ ಇದೇ ಮಾತಿನಿಂದ ತಡೆದಿದ್ದರು. ಮಾವನವರಿಗೆ ಹುಳುಗಳ ಮೇಲೆ ಕರುಣೆ ಬಂದಿತ್ತೋ, ಹೆಂಡತಿಯ ಮೇಲೆ ಒಂದು ಕಾಯಿದೆ ಹೇರಲು ಸಿಕ್ಕ ಖುಷಿಯೋ, ನಾನು ಹೇಳಲಾರೆ. ಅತ್ತೆ ಕಸಬರಿಗೆ ಕೆಳಗಿಟ್ಟು ಬಳ್ಳಿಯ ಮುಂದೆ ಹೋಗಿ ನಿಂತರು.

"ತಿನ್ರಿ, ತಿನ್ರಿ. ಇಕಿ ಹಡಿಯೂತನಕ ತಿನ್ರಿ. ಆಮ್ಯಾಲ ನೋಡ್ಕೋತೇನಿ ನಿಮ್ಮನ್ನ."

ಹುಳುಗಳು ಮಾತು ಕೇಳಿದವರ ಹಾಗೆ ತಿಂದವು. ಚಿಗುರು ಮುಗಿಯಿತು, ಎಲೆ ಮುಗಿಯಿತು. ತಮ್ಮ ಮೆಣಸಿನ ಗಿಡಗಳಿಗೂ ಬರುತ್ತವೆಂದು ಅತ್ತೆ ಸಾಲಿನ ಮೇಲೆ ಹಳೆಯ ಸೀರೆ ಹೊದಿಸಿದರು. ಅವು ಬೇರೆ ಎಲೆ ಮುಟ್ಟುವುದಿಲ್ಲ ಎಂದು ನಾನಂದೆ, ಅವರು ಕೇಳಲಿಲ್ಲ. ಹುಳುಗಳು ಮೆಣಸಿನ ಗಿಡದ ಬುಡದಲ್ಲೇ ಹಾದುಹೋದರೂ ತಲೆ ಎತ್ತಿ ನೋಡಲಿಲ್ಲ. ಕಡೆಗೆ ಅತ್ತೆಯೇ ಸೀರೆ ತೆಗೆದು ಮಡಚಿಟ್ಟು, "ಇಷ್ಟ ಪಥ್ಯ ನಿಮ್ಮ ಮಾವ ಮಾಡಿದ್ದಿದ್ರ ಸಕ್ಕರಿ ರೋಗ ಹತ್ರ ಬರತಿದ್ದಿಲ್ಲ" ಅಂದರು.

ಅದಾದ ಮೇಲೆ ಒಂದು ಮುಂಜಾನೆ ಅತ್ತೆ ಕಂಡಿಕೆ ಸುತ್ತಲು ಕೂತು, ರಾಟಿಯ ಗಾಲಿಗೆ ಕೈ ಹಚ್ಚಿ, ತಟ್ಟನೆ ಹಿಂದೆ ತೆಗೆದರು. ರಾಟಿಯ ಕಟ್ಟಿಗೆಯ ಕಂಬಕ್ಕೆ, ಗಾಲಿಯ ಪಕ್ಕದಲ್ಲೇ, ಮುದುಡಿದ ಒಣ ಎಲೆಯಂತಹದೊಂದು ಅಂಟಿಕೊಂಡಿತ್ತು. ಹುಳು ಬಳ್ಳಿ ಬಿಟ್ಟು ಕಟ್ಟೆ ಏರಿ ಬಂದು ಅಲ್ಲಿ ಕೋಶ ಕಟ್ಟಿತ್ತು. ಕಿತ್ತು ಎಸೆಯುತ್ತಾರೆ ಎಂದುಕೊಂಡು ನಾನು ಏಳುವುದರೊಳಗೆ ಅವರು ಕಣ್ಣನ್ನು ಹತ್ತಿರ ಒಯ್ದರು. ನೂಲಿನ ಎಳೆ ಕಂಡರೆ ಬಿಡುವವರಲ್ಲ ಅವರು.

"ಏ, ಇಲ್ಲಿ ನೋಡು. ನಡಕ್ಕ ನೂಲ ಕಟ್ಟಿಕೊಂಡೈತಿ."

ಹೌದು. ಕೂದಲಿಗಿಂತ ತೆಳುವಾದ ಒಂದು ಎಳೆ ಅದರ ನಡುವನ್ನು ಬಳಸಿ ಎರಡೂ ಕಡೆ ಕಟ್ಟಿಗೆಗೆ ಹತ್ತಿಕೊಂಡಿತ್ತು. ಅದರ ಮೇಲೆಯೇ ಕೋಶ ಒರಗಿ ನಿಂತಿತ್ತು.

"ತಾನಽ ಕಟ್ಟಿಕೊಂಡದ್ದೇನ ಇದು? ಕೈಯಿಲ್ಲ, ಕಾಲಿಲ್ಲ... ಗಂಟ ಎಲ್ಲೈತಿ? ಗಂಟಽ ಕಾಣವಲ್ದು."

ಬದುಕಿನುದ್ದಕ್ಕೂ ಹರಿದ ಎಳೆಗೆ ಗಂಟು ಹಾಕುತ್ತ ಬಂದ ಹೆಂಗಸು ಆ ಗಂಟಿಲ್ಲದ ಎಳೆಯನ್ನು ನೋಡುತ್ತ ಅಲ್ಲೇ ಕೂತರು. ಒಳಗಿನಿಂದ ಮಾವ ಕಂಡಿಕೆ ಕೇಳಿದರು. ಇವರು ಓಗೊಡಲಿಲ್ಲ. ಎರಡನೆಯ ಸಲ ಕೂಗಿದಾಗ ಎದ್ದು, ನೂಲಿನ ಲಡಿ ಬಗಲಲ್ಲಿ ಇಟ್ಟುಕೊಂಡು ಪಕ್ಕದ ಮನೆಗೆ ನಡೆದರು. ಅಲ್ಲಿನ ರಾಟಿ ಬಿಡುವಾಗುವತನಕ ಕಾದು, ಸುತ್ತಿಕೊಂಡು ಬಂದರು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಪಕ್ಕದ ಮನೆಯವರಿಗೂ ಮಗ್ಗ ಇತ್ತಲ್ಲ, ಅವರ ಕೆಲಸ ಮುಗಿದ ಮೇಲೆ ಇವರ ಸರದಿ. ನಮ್ಮ ಮಗ್ಗ ಮಧ್ಯಾಹ್ನದವರೆಗೆ ಸುಮ್ಮನಿರತೊಡಗಿತು.

"ಅಲ್ಲ, ಒಂದ ಹುಳದ ಸಲುವಾಗಿ ನನ್ನ ಮಗ್ಗ ನಿಲ್ಲಬೇಕೇನ?" ಮಾವ ಸಿಟ್ಟಿಗೆದ್ದರು.

"ಬಸರಿ ಇದ್ದ ಮನ್ಯಾಗ ಜೀವ ಕೊಲ್ಲಬಾರ್ದು ಅಂದವ್ರು ಯಾರು?"

ಮಾವ ಬಾರದ ಕಂಡಿಕೆಯ ಹಾದಿ ಕಾಯುತ್ತ ಎಲೆಯಡಿಕೆ ಹಾಕಿಕೊಂಡರು. ಹಲ್ಲಿ ಬಂದೀತೆಂದು ಅತ್ತೆ ರಾಟಿಯ ಮೇಲೆ ದೊಡ್ಡ ಬುಟ್ಟಿ ಕವುಚಿ ಹಾಕಿದರು. ದಿನಕ್ಕೆ ಹಲವು ಸಲ ಬುಟ್ಟಿ ಎತ್ತಿ ನೋಡುತ್ತಿದ್ದರು. ಯಾರಾದರೂ ನೋಡುತ್ತಿದ್ದಾರೆ ಎನಿಸಿದರೆ, "ಬುಟ್ಟಿ ಹಸಿ ಆಗೇತೇನೋ ಅಂತ ನೋಡಿದೆ" ಎನ್ನುತ್ತಿದ್ದರು.

ಈ ನಡುವೆ ನನ್ನ ಕುಬಸದ ದಿನ ಬಂತು. ಮೊದಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಆರತಿ ಮಾಡುವ ಕಾರ್ಯ. ತವರಿನಿಂದ ಅವ್ವನ ಜೊತೆ ಆಯಿಯೂ ಬಂದಳು. ಕಾಲು ತೊಳೆದುಕೊಂಡವಳು ನನ್ನ ಮುಖವನ್ನೂ ಸರಿಯಾಗಿ ನೋಡದೆ ನೆಟ್ಟಗೆ ಹಿತ್ತಲಿಗೆ ನಡೆದಳು. ಅಲ್ಲಿ ಗೋಡೆಯ ಮೇಲೆ ಎಲೆಯಿಲ್ಲದ ಬರಿ ದಂಟುಗಳು ಹಗ್ಗದಂತೆ ನೇತಾಡುತ್ತಿದ್ದವು.

"ಅಯ್ಯಯ್ಯೋ! ನನ್ನ ಬಳ್ಳಿಗೆ ಏನ ಮಾಡೀರಿ?"

"ನಾವೇನ ಮಾಡೂದು? ಹುಳ ತಿಂದಾವು" ಅಂದರು ಅತ್ತೆ.

"ಹುಳ ತಿನ್ನೂತನಕ ಏನ ಮಾಡಾಕತ್ತಿದ್ರಿ?"

"ನಿಮ್ಮ ಮೊಮ್ಮಗಳ ಸಲುವಾಗಿ ಸುಮ್ಮ ಕುಂತಿದ್ವಿ. ಹೋಗ್ಲಿ ಬಿಡ್ರಿ, ನಮ್ಮನ್ಯಾಗ ಹಾವಿಲ್ಲ. ಬಳ್ಳಿ ಇದ್ರೇನು, ಬಿಟ್ರೇನು?"

ಆಯಿ ಪ್ರಯಾಣದಲ್ಲಿ ದಣಿದಿದ್ದಳು. ಮೇಲಾಗಿ ತನ್ನ ಬಳ್ಳಿ ಹೋದ ಸಂಕಟ. ನಾನು ಸನ್ನೆ ಮಾಡುವುದರೊಳಗೆ ಬಾಯಿಂದ ಬಂದೇಬಿಟ್ಟಿತು: "ಹಾವಿಗೆಲ್ಲಿ ಕೊಟ್ಟಿದ್ದೆ ನಾ? ಬೀಗತಿ ನಾಲಿಗಿ ವಿಷ ಇಳೀಲಿ ಅಂತ ಕೊಟ್ಟಿದ್ದೆ!"

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಯಜಮಾನರು ಇದ್ದಕ್ಕಿದ್ದಂತೆ ಹಿತ್ತಲ ಮೂಲೆಯ ಬಾವಿಯ ಹಗ್ಗ ಪರೀಕ್ಷಿಸಲು ಹೋದರು. ಅತ್ತೆ ಆಯಿಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಮಗನ ಬೆನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಬಳ್ಳಿಯ ನೀರಿನ ಬಗ್ಗೆ ಮಗ ಕೇಳುತ್ತಿದ್ದುದರ ಅರ್ಥ ಆಗ ಹೊಳೆದಿರಬೇಕು.

"ಹಂಗೇನ?" ಅಂದರು ಕಡೆಗೆ. "ಹಂಗಾರ ಆ ಬಳ್ಳಿಗೆ ನಮ್ಮನ್ಯಾಗ ತಿನ್ನಾಕ ಉಣ್ಣಾಕ ಭಾಳ ಸಿಕ್ಕಿರಬೇಕು. ಗ್ವಾಡಿ ತುಂಬ ಹಬ್ಬಿತ್ತು."

ಮೊದಲು ನಕ್ಕವಳು ಆಯಿ. ಹಲ್ಲಿಲ್ಲದ ಬಾಯಿಂದ ದೊಡ್ಡದಾಗಿ ನಕ್ಕಳು. ಅದನ್ನು ನೋಡಿ ಅತ್ತೆಯೂ ನಕ್ಕರು. "ಬರ್ರಿ, ಕುಂಡ್ರಬರ್ರಿ. ನಿಮ್ಮಂಗ ನೀರ ಕೊಡಾಕ ನಾ ತಡ ಮಾಡಂಗಿಲ್ಲ" ಎಂದು ಆಯಿಯ ಕೈ ಹಿಡಿದು ಒಳಗೆ ಕರೆದೊಯ್ದರು. ಆಯಿಯ ಸಿಟ್ಟಿನ ಮೂಲ ಮದುವೆಯ ದಿನದ್ದೆಂದು ಅವರಿಗೆ ಹೇಗೆ ತಿಳಿಯಿತೋ, ಆ ದಿನ ಆಡಿದ ಮಾತು ಅವರಿಗೂ ನೆನಪಿನಲ್ಲಿತ್ತೇನೋ.

ಕುಬಸ ಮುಗಿದ ಮರುದಿನ ಮುಂಜಾನೆ ನಾನು ಎದ್ದು ಬಂದಾಗ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ರಾಟಿಯ ಮುಂದೆ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತಿದ್ದರು. ಬುಟ್ಟಿ ಪಕ್ಕಕ್ಕಿತ್ತು. ಕೋಶ ಬಿರಿದಿತ್ತು. ಅದರ ಮೇಲೆ ಕೆಂಪು ಮೈಯ ಒಂದು ಜೀವ ನೇತಾಡುತ್ತಿತ್ತು, ರೆಕ್ಕೆಗಳು ಒದ್ದೆ ಬಟ್ಟೆಯ ಉಂಡೆಯಂತೆ ಮುದುಡಿಕೊಂಡಿದ್ದವು.

"ಕುಂಟ ಹುಟ್ಟೇತಿ ಪಾಪ" ಅಂದರು ಅತ್ತೆ. "ರೆಕ್ಕಿ ಬಿಡಿಸಿ ಕೊಡ್ಲೇನ?" ಎಂದು ಬೆರಳು ಚಾಚಿದರು.

ಆಯಿ ಆ ಕೈಮೇಲೆ ಪಟ್ಟನೆ ಹೊಡೆದಳು. "ಹಡದ ಹೆಂಗಸಾಗಿ ಇಷ್ಟ ತಿಳಿಯಂಗಿಲ್ಲೇನ? ಹೊರಗ ಬಂದ ಕೂಡ್ಲೇ ಯಾವ ಕೂಸ ನೆಟ್ಟಗ ನಿಲ್ತೈತಿ?"

ಅತ್ತೆಯ ಕೈಗೆ ಹೊಡೆದವರನ್ನು ನಾನು ಆ ಮನೆಯಲ್ಲಿ ನೋಡಿದ್ದು ಅದೊಂದೇ ಸಲ. ಅವರು ಕೈ ಹಿಂದೆ ತೆಗೆದು ಮಗುವಿನಂತೆ ಮಡಿಲಲ್ಲಿಟ್ಟುಕೊಂಡರು. ಮೂವರೂ ಕೂತು ನೋಡಿದೆವು. ರೆಕ್ಕೆ ಮೆಲ್ಲಗೆ ಇಳಿಯಿತು, ಉಬ್ಬಿತು, ಸುಕ್ಕು ಬಿಚ್ಚಿತು. ಬಿಳಿ ಮಚ್ಚೆ ಕಾಣಿಸಿತು, ಆಮೇಲೆ ಕೆಂಪು ಚುಕ್ಕೆ. ಬಿಸಿಲು ಕಟ್ಟೆಗೆ ಬಂದ ಮೇಲೆ ಅದು ಎರಡು ಸಲ ರೆಕ್ಕೆ ಬಡಿದು ಎದ್ದಿತು, ಆಯಿಯ ತಲೆಯ ಮೇಲೆ ಒಂದು ಸುತ್ತು ಹಾಕಿ, ಗೋಡೆ ದಾಟಿ ಹೋಯಿತು. ಅತ್ತೆ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಬಿಸಿಲು ಕಣ್ಣಿಗೆ ಹೊಡೆಯಿತು ಎಂದು ತಾವಾಗಿಯೇ ಹೇಳಿದರು. ಯಾಕೆಂದು ಯಾರೂ ಕೇಳಿರಲಿಲ್ಲ.

ಪಡಸಾಲೆಯಿಂದ ಮಾವನವರ ದನಿ ಬಂತು: "ಇನ್ನರ ಕಂಡಿಕಿ ಸಿಗ್ತಾವೇನ್ರಿ ಈ ಮನ್ಯಾಗ?"

ಆಯಿ ಹೊರಡುವಾಗ ಅತ್ತೆ ಗೂಟದ ಮೇಲಿನ ಗಂಟುಗಳನ್ನು ಒಂದೊಂದಾಗಿ ಹಿಚುಕಿ, ಒಂದನ್ನು ಆರಿಸಿ ಆಯಿಯ ಚೀಲಕ್ಕೆ ಹಾಕಿದರು. ಯಾವ ಬೀಜ ಎಂದು ಆಯಿ ಕೇಳಿದಳು. ಹಾಕಿ ನೋಡಿರಿ ಎಂದರು. ಬಸ್ಸು ಹೋದ ಮೇಲೆ ನನಗೆ ಗುಟ್ಟಾಗಿ, "ಹಾಗಲ ಕೊಟ್ಟೇನಿ. ಕಹಿ ಅಂದ್ರ ಏನಂತ ತಿಳೀಲಿ ಬೀಗತಿಗೆ" ಅಂದರು.

ಬಾಣಂತನಕ್ಕೆ ನಾನು ಚೊಳಚಗುಡ್ಡಕ್ಕೆ ಹೋದೆ. ಆಯಿಯ ಬೇಲಿಯ ಮೇಲೆ ಅತ್ತೆ ಕೊಟ್ಟ ಬಳ್ಳಿ ಹಳದಿ ಹೂ ಬಿಟ್ಟು ಹಬ್ಬಿತ್ತು. ಅದರ ತುಂಬ ಎಳೆಯ ಹೀರೇಕಾಯಿ! ಮೊಳಕ್ಕಿಂತ ಉದ್ದ, ಬೆಣ್ಣೆಯಂತಹ ತಿರುಳು. ಆಯಿ ಓಣಿಗೆಲ್ಲ ಹಂಚುತ್ತ, "ನಮ್ಮ ಬೀಗತಿ ಕೊಟ್ಟದ್ದು. ನಾ ಏನೇನೋ ಅಂದ್ರೂ ಮನಸ್ನ್ಯಾಗ ಇಟ್ಟುಕೊಂಡಿಲ್ಲ, ಭಾಳ ದೊಡ್ಡ ಮನಸ" ಎಂದು ಹೊಗಳುತ್ತಿದ್ದಳು. ನಾನು ಹೀರೇಕಾಯಿ ಪಲ್ಯ ತಿಂದು ಸುಮ್ಮನಾದೆ. ಇಳಕಲ್ಲಿಗೆ ಹಿಂತಿರುಗಿ ಆ ಹೊಗಳಿಕೆಯನ್ನಷ್ಟೇ ಮುಟ್ಟಿಸಿದೆ. ಅತ್ತೆ ಒಂದು ಗಳಿಗೆ ಪೆಚ್ಚಾದರು. ಆಮೇಲೆ, "ಮತ್ತೇನ, ಬೀಗರಿಗೆ ಒಳ್ಳೇದನ್ನಽ ಕೊಡಬೇಕಲ್ಲ" ಎಂದು ಸೆರಗು ಸರಿಮಾಡಿಕೊಂಡರು.

ನಾನು ಮಗಳನ್ನು ಎತ್ತಿಕೊಂಡು ಬರುವಷ್ಟರಲ್ಲಿ ಹಿತ್ತಲಿನ ಬರಿ ದಂಟುಗಳು ಮತ್ತೆ ಚಿಗುರಿದ್ದವು. ನನ್ನ ಹೆರಿಗೆ ಮುಗಿದಿತ್ತು, ಕಾಯಿದೆಯ ಅವಧಿಯೂ ಮುಗಿದಿತ್ತು. ಆದರೆ ಚಿಮಣಿ ಎಣ್ಣೆಯ ಮಾತನ್ನು ಯಾರೂ ಎತ್ತಲಿಲ್ಲ. ಅಷ್ಟೇ ಅಲ್ಲ, ಹುಳುಗಳ ವಿಷಯದಲ್ಲಿ ಅತ್ತೆ ಓಣಿಯ ಪಂಡಿತರಾಗಿದ್ದರು. ಯಾರ ಗಿಡದಲ್ಲಿ ಯಾವ ಹುಳು ಕಂಡರೂ ಎಲೆಯ ಸಮೇತ ನಮ್ಮ ಕಟ್ಟೆಗೆ ಬರುತ್ತಿತ್ತು. ಅತ್ತೆ ಕನ್ನಡಕ ಏರಿಸಿ ನೋಡಿ, ಇದು ಹಳದಿ ಪಾತರಗಿತ್ತಿ ಆಗುತ್ತದೆ, ಇದು ನೀಲಿಯದು ಎಂದು ಖಂಡಿತವಾಗಿ ಹೇಳಿ ಕಳಿಸುತ್ತಿದ್ದರು. ಹೇಳಿದ ಬಣ್ಣ ಬಂದ ನೆನಪು ನನಗಿಲ್ಲ.

ಒಂದು ದಿನ ರಾಟಿ ಕೊಟ್ಟು ಉಪಕಾರ ಮಾಡಿದ್ದ ಪಕ್ಕದ ಮನೆಯಾಕೆ ಹಿತ್ತಾಳಿ ತಂಬಿಗೆಯಲ್ಲಿ ಒಂದು ದೊಡ್ಡ ಕಂಬಳಿ ಹುಳು ತಂದರು. ನುಗ್ಗಿ ಗಿಡದ್ದು, ಮೈ ತುಂಬ ಕೂದಲು.

"ಇದೇನಾಗ್ತೈತಿ ನೋಡ್ರಿ ಅಕ್ಕಾರ."

"ಭಾಳ ಚಂದಾಂದು ಆಗ್ತೈತಿ. ಮೈ ಮ್ಯಾಲ ಎಷ್ಟ ಜರತಾರಿ ಐತಿ ನೋಡು. ಅಂಗೈ ಮ್ಯಾಲ ಇಟಗೊಂಡ ಜ್ವಾಕ್ಯಾಗಿ ಒಯ್ದು ಬುಟ್ಟ್ಯಾಗ ಇಡು."

"ಅತ್ತಿ, ಅದು ಕಂಬಳಿ ಹುಳ. ಮುಟ್ಟಿದ್ರ ತುರಸ್ತೈತಿ" ಎಂದೆ ನಾನು, ಮಗಳಿಗೆ ಹಾಲು ಕುಡಿಸುತ್ತ.

"ನಿಮ್ಮ ಬಾಟ್ಲಿ ಸಾಲ್ಯಾಗ ಹೇಳ್ಯಾರೇನ?"

ಪಕ್ಕದ ಮನೆಯಾಕೆ ನನ್ನ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು. ವಯಸ್ಸಿಗೆ ಮರ್ಯಾದೆ ಕೊಟ್ಟು ಹುಳುವನ್ನು ಅಂಗೈಗೆ ಇಳಿಸಿಕೊಂಡು ಹೋದರು. ಸಂಜೆಯೊಳಗೆ ಎರಡೂ ಕೈ ಕೆರೆದುಕೊಳ್ಳುತ್ತ ತಿರುಗಿ ಬಂದರು. ಅತ್ತೆ ಏನೂ ಆಗಿಲ್ಲವೆಂಬಂತೆ ಅವರನ್ನು ಕಟ್ಟೆಯ ಮೇಲೆ ಕೂಡಿಸಿ, ಕೊಬ್ಬರಿ ಎಣ್ಣೆ ತಂದು ಅಂಗೈಗೆ ಸವರತೊಡಗಿದರು.

"ಹುಳ ಎಲ್ಲೈತಿ ಈಗ?" ಎಂದು ಕೇಳಿದರು.

"ಬುಟ್ಟ್ಯಾಗ ಇಟ್ಟೇನ್ರಿ ಅಕ್ಕಾರ."

"ಚಲೋ ಆತು. ಮ್ಯಾಲ ಒಂದ ಕಲ್ಲ ಇಡು, ಹಲ್ಲಿ ಬರ್ತಾವು."